ಎಂಡೆಲ್ ಬೀದಿಯ ಶಸ್ತ್ರವೈದ್ಯೆಯರು

ಲಂಡನ್ನಿನ ಕೋವೆಂಟ್ ಗಾರ್ಡನ್ ಪಕ್ಕದ ಎಂಡೆಲ್ ಬೀದಿಯಲ್ಲಿ 1915ರ ಮೇ ತಿಂಗಳಿಂದ 1919ರವರೆಗೆ ಒಂದು ಸೇನಾ ಆಸ್ಪತ್ರೆ ನಡೆಯಿತು. ಗಾಯಾಳುಗಳು ಯುದ್ಧಭೂಮಿಯಿಂದ ಬಂದ ಗಂಡಸರು. ಶಸ್ತ್ರವೈದ್ಯರು, ಅರಿವಳಿಕೆ ಕೊಡುವವರು, ಪ್ರಯೋಗಾಲಯದವರು, ಸ್ಟ್ರೆಚರ್ ಹೊರುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಶಸ್ತ್ರಚಿಕಿತ್ಸೆ ಹೆಣ್ಣಿನ ಕೈಗೆ ಒಗ್ಗದ ಕೆಲಸ ಎಂಬ ಮಾತು ಎಷ್ಟು ಟೊಳ್ಳೆಂದು ಈ ಆಸ್ಪತ್ರೆ ತೋರಿಸಿಕೊಟ್ಟಿತು.

ಆ ಮಾತಿಗೆ ಹಳೆಯ ಬೇರುಗಳಿದ್ದವು. 1865ರಲ್ಲಿ ಎಲಿಜಬೆತ್ ಗ್ಯಾರೆಟ್ ಲಂಡನ್ನಿನ ಅಪಾಥೆಕರಿಗಳ ಸಂಘದಿಂದ ವೈದ್ಯಕೀಯ ಪರವಾನಗಿ ಪಡೆದರು. ಇನ್ನೊಬ್ಬ ಹೆಣ್ಣು ಅದೇ ದಾರಿಯಲ್ಲಿ ಬಾರದಂತೆ ಸಂಘ ಕೂಡಲೇ ತನ್ನ ನಿಯಮ ಬದಲಿಸಿತು. 1870ರ ನವೆಂಬರ್ 18ರಂದು ಎಡಿನ್‌ಬರೋದ ಸರ್ಜನ್ಸ್ ಹಾಲ್‌ಗೆ ಅಂಗರಚನಾಶಾಸ್ತ್ರದ ಪರೀಕ್ಷೆ ಬರೆಯಲು ಹೋದ ವಿದ್ಯಾರ್ಥಿನಿಯರ ಮೇಲೆ ಗುಂಪೊಂದು ಕೆಸರೆರಚಿತು. ಪರೀಕ್ಷಾ ಕೊಠಡಿಯೊಳಗೆ ಕುರಿಯೊಂದನ್ನು ನುಗ್ಗಿಸಿತು. ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಬಾಗಿಲು ಮಹಿಳೆಯರಿಗೆ ತೆರೆದದ್ದು 1908ರಲ್ಲಿ. 1911ರಲ್ಲಿ ಎಲಿನರ್ ಡೇವಿಸ್-ಕಾಲಿ ಅದರ ಮೊದಲ ಮಹಿಳಾ ಫೆಲೋ ಆದರು. ಪದವಿ ದೊರೆತರೂ ದೊಡ್ಡ ಆಸ್ಪತ್ರೆಗಳಲ್ಲಿ ಹುದ್ದೆ ದೊರೆಯುತ್ತಿರಲಿಲ್ಲ. ಶಸ್ತ್ರವೈದ್ಯೆಯರಿಗೆ ಸಿಗುತ್ತಿದ್ದ ರೋಗಿಗಳು ಬಹುಮಟ್ಟಿಗೆ ಹೆಂಗಸರು, ಮಕ್ಕಳು ಮಾತ್ರ.

ಎಲಿಜಬೆತ್ತರ ಮಗಳು ಲೂಯಿಸಾ ಗ್ಯಾರೆಟ್ ಆಂಡರ್ಸನ್ ಶಸ್ತ್ರವೈದ್ಯೆ. ಅವರ ಒಡನಾಡಿ ಫ್ಲೋರಾ ಮರ್ರೆ ಅರಿವಳಿಕೆಯಲ್ಲಿ ಪಳಗಿದ ವೈದ್ಯೆ. ಇಬ್ಬರೂ ಮಹಿಳಾ ಮತದಾನದ ಹೋರಾಟಗಾರರು. ಲೂಯಿಸಾ 1912ರಲ್ಲಿ ಸೆರೆಮನೆ ಕಂಡವರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಅವರು ಬ್ರಿಟಿಷ್ ಸೇನೆಯ ಮುಂದೆ ಕೈಚಾಚಲಿಲ್ಲ. ಫ್ರೆಂಚ್ ರೆಡ್ ಕ್ರಾಸ್‌ನ ಒಪ್ಪಿಗೆ ಪಡೆದು ಪ್ಯಾರಿಸ್ಸಿನ ಹೋಟೆಲೊಂದನ್ನೇ ಆಸ್ಪತ್ರೆಯಾಗಿಸಿದರು. ಅವರ ಕೆಲಸ ಕಂಡ ಮೇಲೆ ಬ್ರಿಟಿಷ್ ಸೇನೆಯ ವೈದ್ಯಕೀಯ ಮುಖ್ಯಸ್ಥ ಆಲ್ಫ್ರೆಡ್ ಕಿಯೋ ತಾವಾಗಿಯೇ ಎಂಡೆಲ್ ಬೀದಿಯ ಆಸ್ಪತ್ರೆಯನ್ನು ಅವರಿಗೆ ವಹಿಸಿದರು.

ಹಿಂದೆ ನಿರ್ಗತಿಕರನ್ನು ಇರಿಸುತ್ತಿದ್ದ ಕಟ್ಟಡವದು. 573 ಹಾಸಿಗೆಗಳು. ಗಾಯಾಳುಗಳ ವಾಹನಗಳು ಹೆಚ್ಚಾಗಿ ರಾತ್ರಿ ಬರುತ್ತಿದ್ದವು. ಅಂಗಳದ ಗಂಟೆ ಬಾರಿಸಿದೊಡನೆ ಹುಡುಗಿಯರು ಸ್ಟ್ರೆಚರ್ ಹಿಡಿದು ಓಡಿ ಬರುತ್ತಿದ್ದರು. ಹೆರಿಗೆ, ಸ್ತ್ರೀರೋಗಗಳಲ್ಲಿ ಪಳಗಿದ ಕೈಗಳು ಈಗ ಛಿದ್ರವಾದ ಎಲುಬುಗಳನ್ನೂ ಕೀವುಗಟ್ಟಿದ ಗಾಯಗಳನ್ನೂ ನಿಭಾಯಿಸಿದವು. ಬಿಸ್ಮತ್, ಅಯಡೋಫಾರ್ಮ್, ಪ್ಯಾರಫಿನ್ ಬೆರೆಸಿದ ಲೇಪವನ್ನು ಗಾಯಕ್ಕೆ ಹಚ್ಚುವ ವಿಧಾನವನ್ನು ಲೂಯಿಸಾ ಮತ್ತು ರೋಗಶಾಸ್ತ್ರಜ್ಞೆ ಹೆಲೆನ್ ಚೇಂಬರ್ಸ್ ಇಲ್ಲಿ ಪರೀಕ್ಷಿಸಿದರು. ಇದರಿಂದ ದಿನಕ್ಕೆ ಹಲವು ಸಲ ಪಟ್ಟಿ ಬಿಚ್ಚುವ ನೋವು ಸೈನಿಕರಿಗೆ ತಪ್ಪಿತು. ಒಟ್ಟು ಸುಮಾರು 26,000 ಮಂದಿ ಇಲ್ಲಿ ಆರೈಕೆ ಪಡೆದರು. 7,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು.

ಆದರೂ ಸಮಾನತೆ ಅರ್ಧಕ್ಕೇ ನಿಂತಿತು. ಫ್ಲೋರಾ ಅವರಿಗೆ ಲೆಫ್ಟಿನೆಂಟ್ ಕರ್ನಲ್ ದರ್ಜೆಯ ಸಂಬಳವಿತ್ತು, ಸೇನಾಧಿಕಾರಿಯ ನೇಮಕವಿರಲಿಲ್ಲ. ಯುದ್ಧಕಾಲದಲ್ಲಿ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡಿದ್ದ ಲಂಡನ್ನಿನ ಹಲವು ವೈದ್ಯಕೀಯ ಶಾಲೆಗಳು 1920ರ ದಶಕದಲ್ಲಿ ಅವರಿಗೆ ಮತ್ತೆ ಬಾಗಿಲು ಮುಚ್ಚಿದವು. ಶಸ್ತ್ರವೈದ್ಯೆಯರು ಹೆಂಗಸರ, ಮಕ್ಕಳ ಹಳೆಯ ಆಸ್ಪತ್ರೆಗಳಿಗೇ ಮರಳಬೇಕಾಯಿತು. ಯೋಗ್ಯತೆಗೆ ಸಾಕ್ಷಿ ಸಾಲದೆ ಹೀಗಾಗಲಿಲ್ಲ. ಸೇರಿಸಿಕೊಳ್ಳುವ ಅಧಿಕಾರ ಹೊರಗಿಟ್ಟವರ ಕೈಯಲ್ಲೇ ಉಳಿದಿತ್ತು. ವೈದ್ಯಕೀಯ ಪ್ರವೇಶದಲ್ಲಿ ಹೆಣ್ಣುಮಕ್ಕಳಿಗೆ ಹಾಕಿದ್ದ ಮಿತಿ ತೊಲಗಲು 1975ರ ಲಿಂಗ ತಾರತಮ್ಯ ನಿಷೇಧ ಕಾನೂನೇ ಬರಬೇಕಾಯಿತು. ರಾಯಲ್ ಕಾಲೇಜಿಗೆ ಮೊದಲ ಮಹಿಳಾ ಅಧ್ಯಕ್ಷರಾಗಿ ಕ್ಲೇರ್ ಮಾರ್ಕ್ಸ್ ಬಂದದ್ದು 2014ರಲ್ಲಿ, ಎಂಡೆಲ್ ಬೀದಿಯ ಆಸ್ಪತ್ರೆ ತೆರೆದು ಹತ್ತಿರ ಹತ್ತಿರ ನೂರು ವರ್ಷ ಕಳೆದ ಮೇಲೆ.