ಕೋಲಾರದ ಆಳದಲ್ಲೊಂದು ಸದ್ದಿಲ್ಲದ ಕೋಣೆ

ಹೋದ ಶನಿವಾರ ಮಾಲೂರಿನ ನಮ್ಮ ಮನೆಯಲ್ಲಿ ಒಂದು ಜಗಳ ಆಯ್ತು. ಆಸ್ತಿ ಜಗಳ ಅಲ್ಲ, ಸ್ಪೀಕರ್ ವೈರಿನ ಜಗಳ. ಶ್ರೀನಿವಾಸಪುರದ ಗೆಳೆಯನೊಬ್ಬನಿಗೆ ಹಾಡು ಕೇಳುವ ಹುಚ್ಚು. ಹಾಡಿಗಿಂತ ಹಾಡುವ ಪೆಟ್ಟಿಗೆಗಳ ಹುಚ್ಚು ಅಂದರೂ ತಪ್ಪಿಲ್ಲ. ತೋಟದ ಮಾವಿನಕಾಯಿಗೆ ಒಳ್ಳೆ ರೇಟು ಸಿಕ್ಕ ವರ್ಷ ಆಂಪ್ಲಿಫೈಯರೋ ಸ್ಪೀಕರೋ ಬದಲಾಗಲೇಬೇಕು. ಈ ಸಲ ಹೆಬ್ಬೆರಳು ದಪ್ಪದ ತಾಮ್ರದ ವೈರು ಹಿಡಿದುಕೊಂಡು ಬಂದು, "ಇದನ್ನ ಹಾಕಿದ್ಮೇಲೆ ಪಿ.ಬಿ.ಎಸ್. ದನಿ ಹೆಂಗೆ ಬಿಚ್ಕೊಂತು ಗೊತ್ತೇನೋ, ಕಿಟಕಿ ಪರದೆ ಸರಿಸಿದಂಗೆ" ಅಂದ.

ನಾನು ಸುಮ್ಮನಿರಬಹುದಿತ್ತು. ಇಂಜಿನಿಯರಿಂಗ್ ಓದಿದ ಕರ್ಮ, ಪೆನ್ನು ತೆಗೆದೆ. 3 ಮೀಟರ್ ವೈರು, ಹೋಗಿ ಬರೋಕೆ 6 ಮೀಟರ್. ಮಾಮೂಲಿ 0.75 ಚದರ ಮಿಲಿಮೀಟರ್ ವೈರಿಗೆ ಸುಮಾರು 0.14 ಓಮ್, ದಪ್ಪಗಿನ 2.5ಕ್ಕೆ 0.04 ಓಮ್. ಸ್ಪೀಕರ್ ಇರೋದು 8 ಓಮ್. ಎರಡೂ ವೈರಿನ ನಡುವೆ ಸದ್ದಿನ ವ್ಯತ್ಯಾಸ ಒಂದು ಡೆಸಿಬೆಲ್ಲಿನ ಹತ್ತನೇ ಒಂದು ಪಾಲು. "ನಿಂಗೆ ಕೇಳಿಸೋಕೆ ಸಾಧ್ಯಾನೇ ಇಲ್ಲ" ಅಂತ ತೀರ್ಪು ಕೊಟ್ಟೆ.

"ನೀನು ಹಾಕಿ ಕೇಳಿದ್ಯಾ?" ಅಂದ.

ಕೇಳಿರಲಿಲ್ಲ.

ಕಡೆಗೆ ನನ್ನ ತಮ್ಮನನ್ನು ಬೆಡ್‌ಶೀಟಿನ ಹಿಂದೆ ಕೂರಿಸಿದೆವು. ನಾಣ್ಯ ಚಿಮ್ಮಿ, ಬಿದ್ದದ್ದಕ್ಕೆ ತಕ್ಕಂತೆ ದಪ್ಪ ವೈರೋ ಸಣ್ಣ ವೈರೋ ಸಿಕ್ಕಿಸೋದು ಅವನ ಕೆಲಸ. ಯಾವುದು ಅಂತ ಹೇಳೋದು ಗೆಳೆಯನ ಕೆಲಸ. 20 ಸಲದಲ್ಲಿ 11 ಸಲ ಸರಿ ಹೇಳಿದ. ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದ್ದರೂ 10 ಬರುತ್ತಿತ್ತು. ನಾನು ನಕ್ಕೆ. ಅವನು ನಗಲಿಲ್ಲ. "20 ಸಲ ಸಾಲದು ಕಣೋ" ಅಂದು ಎದ್ದು ಹೋದ.

ಆ ಮಾತು ತಲೆಯಲ್ಲಿ ಕೊರೀತಾ ಇತ್ತು. ಯಾಕೆಂದರೆ ಇದೇ ಜಗಳ, ಇದಕ್ಕಿಂತ ಬಹಳ ದೊಡ್ಡದು, ನಮ್ಮ ಜಿಲ್ಲೆಯಲ್ಲೇ ಒಮ್ಮೆ ನಡೆದಿದೆ. ನಮ್ಮೂರ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಆ ಜಾಗದ ಹತ್ತಿರಕ್ಕೇ ಹೋಗಿ ಇಳಿಯಬಹುದು. ಕೆ.ಜಿ.ಎಫ್. ಅಂದ್ರೆ ಈಗ ಎಲ್ಲರಿಗೂ ಸಿನಿಮಾ ನೆನಪಾಗುತ್ತೆ, ಅದಕ್ಕೆ ಮುಂಚೆ ಚಿನ್ನ. ನಾನು ಹೇಳಹೊರಟಿರೋದು ಇವೆರಡೂ ಅಲ್ಲ.

ಆದರೂ ಚಿನ್ನದ ಒಂದು ತುಣುಕು ಹೇಳಿ ಮುಂದೆ ಹೋಗ್ತೀನಿ. 1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಲೆಫ್ಟಿನೆಂಟ್ ಈ ಸೀಮೆಯಲ್ಲಿ ಸರ್ವೆ ಮಾಡುತ್ತಿದ್ದಾಗ, ಇಲ್ಲಿನ ಮಣ್ಣಿನಲ್ಲಿ ಚಿನ್ನ ಇದೆ ಅನ್ನುವ ಸುದ್ದಿ ಅವನ ಕಿವಿಗೆ ಬಿತ್ತು. ಸುದ್ದಿಗೇನು, ಪ್ರತಿ ಊರಲ್ಲೂ ಒಂದು ನಿಧಿ ಕಥೆ ಇದ್ದೇ ಇರುತ್ತೆ. ವಾರೆನ್ ಅದರ ಮೇಲೆ ಪ್ರಬಂಧ ಬರೆಯೋಕೆ ಕೂರಲಿಲ್ಲ. ಚಿನ್ನ ತೋರಿಸಿದವರಿಗೆ ಇನಾಮು ಅಂತ ಸಾರಿದ. ಊರಿಗಾಂ ಕಡೆಯ ಹಳ್ಳಿಯವರು ಮಣ್ಣು ತಂದು ಅವನ ಎದುರಿಗೇ ತೊಳೆದು ತೋರಿಸಿದರು. ಅವನು ತೂಗಿ ಬರೆದಿಟ್ಟ ಲೆಕ್ಕ: 120 ಪೌಂಡ್, ಅಂದರೆ ಸುಮಾರು 54 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಈಗಿನ ಲೆಕ್ಕದಲ್ಲಿ 65 ಮಿಲಿಗ್ರಾಂ. ಇದೆ, ಆದರೆ ಇಷ್ಟೇ ಇದೆ. ಆ "ಇಷ್ಟೇ" ಅನ್ನೋದನ್ನೂ ಬರೆದಿಟ್ಟ ನೋಡಿ, ಅದಕ್ಕೇ ನನಗೆ ಈ ಮನುಷ್ಯನ ಮೇಲೆ ಗೌರವ. 1871ರಲ್ಲಿ ಬೆಂಗಳೂರಿನಿಂದ ಲಾವೆಲ್ ಎಂಬ ನಿವೃತ್ತ ಸೈನಿಕ ಇಲ್ಲಿಗೆ ಬಂದದ್ದು ಆ ಹಳೇ ವರದಿ ಓದಿಯೇ.

ಅಲ್ಲಿಂದ 1951ಕ್ಕೆ ಬರೋಣ. ಅಷ್ಟು ಹೊತ್ತಿಗೆ ಆ ಗಣಿಗಳು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿದ್ದವು. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಹೋಮಿ ಭಾಭಾ ಒಬ್ಬ ಹುಡುಗನನ್ನು ಇಲ್ಲಿಗೆ ಕಳಿಸಿದರು. ಆ ಹುಡುಗ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್, ವಯಸ್ಸು ಇಪ್ಪತ್ತೈದು ಇಪ್ಪತ್ತಾರು, ಅಂದರೆ ನನಗಿಂತ ಚಿಕ್ಕವರು! ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು, 2019ರಲ್ಲಿ ತೀರಿಕೊಂಡರು. ಗೈಗರ್ ಕೌಂಟರುಗಳನ್ನು ಚಾಂಪಿಯನ್ ರೀಫ್ ಗಣಿಯ ಕೇಜಿನಲ್ಲಿ ಇಳಿಸಿ, ಆಕಾಶದಿಂದ ಬೀಳುವ ಮ್ಯೂಆನ್ ಎಂಬ ಕಣಗಳು ನೆಲದೊಳಗೆ ಎಷ್ಟು ಆಳದ ತನಕ ಬರುತ್ತವೆ ಅಂತ ಎಣಿಸೋದು ಕೆಲಸ. ಈ ಕಣಗಳು ಈಗಲೂ ನಮ್ಮ ಮೇಲೆ ಸುರೀತಾನೇ ಇವೆ. ಅಂಗೈ ಚಾಚಿದರೆ ನಿಮಿಷಕ್ಕೆ ನೂರರ ಹತ್ತಿರ ತೂರಿ ಹೋಗುತ್ತವೆ, ನಮಗೆ ಗೊತ್ತೇ ಆಗಲ್ಲ.

ಆಮೇಲೆ, 1960ರ ದಶಕದ ಶುರುವಿನಲ್ಲಿ, ಜಪಾನಿನ ಮಿಯಾಕೆ, ನಮ್ಮವರಾದ ನರಸಿಂಹಂ ಮತ್ತು ರಮಣಮೂರ್ತಿ ಸೇರಿ ಇನ್ನೂ ಕೆಳಗೆ, ಇನ್ನೂ ಕೆಳಗೆ ಅಂತ ಇಳಿಯುತ್ತಾ ಹೋದರು. ಪ್ರತಿ ಹಂತದಲ್ಲೂ ಎಣಿಕೆ ಕಡಿಮೆಯಾಗುತ್ತಾ ಬಂತು. ಕಟ್ಟಕಡೆಯ ಆಳದಲ್ಲಿ ಎರಡು ತಿಂಗಳು ಯಂತ್ರ ಹೂಡಿ ಕಾದರೂ ಒಂದೇ ಒಂದು ಎಣಿಕೆ ಬರಲಿಲ್ಲ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಸೊನ್ನೆ ಬರೆಯೋ ಗತಿ ಬಂದರೆ ನಾನಾದರೆ ಮ್ಯಾನೇಜರಿಗೆ ಮುಖ ತೋರಿಸುತ್ತಿರಲಿಲ್ಲ :-)

ಆದರೆ ಅವರಿಗೆ ಆ ಸೊನ್ನೆಯೇ ಭಾಗ್ಯ. ನನ್ನ ಗೆಳೆಯ ಹಾಡು ಕೇಳೋದು ರಾತ್ರಿ ಹನ್ನೊಂದರ ಮೇಲೆ. ಯಾಕಪ್ಪಾ ಅಂದರೆ ಮಾವಿನಕಾಯಿ ಲಾರಿಗಳ ಗಲಾಟೆ ನಿಂತ ಮೇಲೇ ಸಣ್ಣ ಸದ್ದು ಕೇಳಿಸೋದು. ಅದೇ ಲೆಕ್ಕ ಇಲ್ಲೂ. ಮೇಲಿನಿಂದ ಬರುವ ಕಣಗಳ ಗಲಾಟೆ ಪೂರ್ತಿ ನಿಂತ ಜಾಗ ಭೂಮಿಯಲ್ಲಿ ಸಿಕ್ಕಿತು ಅಂದ ಮೇಲೆ, ಅಲ್ಲಿ ಯಾರೂ ಕೇಳಿರದಷ್ಟು ಸಣ್ಣದನ್ನು ಕೇಳಬಹುದು.

ಆ ಸಣ್ಣದು ನ್ಯೂಟ್ರಿನೋ. 1930ರಲ್ಲಿ ಪೌಲಿ ಬರೀ ಲೆಕ್ಕ ಸರಿಹೋಗಲಿ ಅಂತ ಕಲ್ಪಿಸಿಕೊಂಡ ಕಣ. ಇಡೀ ಭೂಮಿಯನ್ನೇ ತೂರಿಕೊಂಡು, ಯಾವುದಕ್ಕೂ ತಾಗದೆ ಹೋಗಿಬಿಡುತ್ತೆ. 1934ರಲ್ಲಿ ಬೆಥೆ ಮತ್ತು ಪಿಯರ್ಲ್ಸ್ ಎಂಬ ಇಬ್ಬರು ಘಟಾನುಘಟಿಗಳು ಲೆಕ್ಕ ಹಾಕಿ, ಇದನ್ನು ಪತ್ತೆ ಮಾಡೋಕೆ ಕಾರ್ಯಸಾಧ್ಯವಾದ ದಾರಿಯೇ ಇಲ್ಲ ಅಂತ ಬರೆದರು. ನನ್ನ 0.14 ಓಮ್ ಥರಾನೇ! ಲೆಕ್ಕ ಸರಿ, ತೀರ್ಪು ತಪ್ಪು. 1956ರಲ್ಲಿ ಅಮೆರಿಕದ ರೀನ್ಸ್ ಮತ್ತು ಕೋವನ್ ಅಣುಸ್ಥಾವರದ ಪಕ್ಕದಲ್ಲಿ ಅದನ್ನು ಹಿಡಿದರು. ಆದರೆ ಗಾಳಿಮಂಡಲದಲ್ಲಿ ತಾನಾಗಿ ಹುಟ್ಟುವ ನ್ಯೂಟ್ರಿನೋ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ.

ಕೋಲಾರದವರ ಉಪಾಯ ಸರಳ. 2.3 ಕಿಲೋಮೀಟರ್ ಆಳದ ಸುರಂಗದಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರುಗಳನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದರು, ನಡುವೆ ನಿಯಾನ್ ಕೊಳವೆಗಳು. ಅಳಿದುಳಿದ ಮ್ಯೂಆನ್ ಏನಿದ್ದರೂ ನೆತ್ತಿಯ ಕಡೆಯಿಂದ ಇಳಿಯಬೇಕು, ಯಾಕೆಂದರೆ ಬಂಡೆ ತೆಳ್ಳಗಿರೋದು ಆ ಕಡೆಗೆ ಮಾತ್ರ. ಅಡ್ಡಡ್ಡ ಬಂದದ್ದು ಪಕ್ಕದ ಬಂಡೆಯಲ್ಲೇ ಹುಟ್ಟಿರಬೇಕು, ಅದನ್ನು ಹುಟ್ಟಿಸಿದ್ದು ನ್ಯೂಟ್ರಿನೋ ಆಗಿರಬೇಕು. ನಮ್ಮ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ, ಮೂರು ಕಡೆಯವರು ಸೇರಿ ಮಾಡಿದ ಕೆಲಸ. ಮುಂದಾಳುಗಳಲ್ಲೊಬ್ಬರಾದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. 1965ರಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅದೇ ರೀನ್ಸ್ ತಂಡವೂ ಇದನ್ನೇ ಹುಡುಕುತ್ತಿತ್ತು. ಅವರಿಗೆ ಮೊದಲನೆಯದು ಸಿಕ್ಕಿದ್ದು ಫೆಬ್ರವರಿಯಲ್ಲಿ, ನಮ್ಮವರಿಗಿಂತ ಮುಂಚೆ. ಅಚ್ಚಾದದ್ದು ಮಾತ್ರ ನಮ್ಮದು ಆಗಸ್ಟ್ 15ಕ್ಕೆ, ಅವರದ್ದು ಆಗಸ್ಟ್ 30ಕ್ಕೆ. ಯಾರು ಮೊದಲು ಅನ್ನೋ ಜಗಳ ಬೇಡ, ಎರಡೂ ಗಣಿಯ ಕೂಲಿಯವರಿಗೆ ಅರ್ಧರ್ಧ ಪಾಲು ಕೊಟ್ಟುಬಿಡೋಣ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಮ್ಮೂರ ಹೆಮ್ಮೆಯ ಕಥೆ. ನನಗೆ ಮುಖ್ಯವಾದದ್ದು ಆಮೇಲಿನದು.

1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಒಂದು ಬಹಳ ಸುಂದರವಾದ ಸಿದ್ಧಾಂತ ಮುಂದಿಟ್ಟರು. ಅದು ನಿಜವಾದರೆ ಪ್ರೋಟಾನ್ ಶಾಶ್ವತ ಅಲ್ಲ, ಅದೂ ಒಂದು ದಿನ ಒಡೆಯುತ್ತೆ. ಎಂದು? ಒಂದರ ಮುಂದೆ ಮೂವತ್ತೋ ಮೂವತ್ತೊಂದೋ ಸೊನ್ನೆ ಹಾಕಿದಷ್ಟು ವರ್ಷಕ್ಕೆ. ಅಷ್ಟು ವರ್ಷ ಕಾಯೋಕೆ ಯಾರಿಂದ ಆಗುತ್ತೆ? ಒಂದೇ ಪ್ರೋಟಾನನ್ನು ಕಾಯುವ ಬದಲು ರಾಶಿ ರಾಶಿ ಪ್ರೋಟಾನುಗಳನ್ನು ಒಟ್ಟಿಗೆ ಕಾಯಬೇಕು. ಕೋಲಾರದವರು 1980ರಲ್ಲಿ ಅದೇ 2.3 ಕಿಲೋಮೀಟರ್ ಆಳದಲ್ಲಿ ಕಬ್ಬಿಣದ ಹಲಗೆ ಮತ್ತು ಎಣಿಕೆ ಕೊಳವೆಗಳನ್ನು 34 ಪದರ ಪೇರಿಸಿ 140 ಟನ್ನಿನ ಯಂತ್ರ ಕಟ್ಟಿದರು. ಅದಿಷ್ಟೂ ಚೂರು ಚೂರಾಗಿ ಕೇಜಿನಲ್ಲಿ ಇಳಿದದ್ದು. 140 ಟನ್ನಿನಲ್ಲಿ 8ರ ಮುಂದೆ 31 ಸೊನ್ನೆಯಷ್ಟು ಪ್ರೋಟಾನು ನ್ಯೂಟ್ರಾನುಗಳು ಇರುತ್ತವೆ. ಸಿದ್ಧಾಂತದ 31 ಸೊನ್ನೆ ನಿಜವಾದರೆ ವರ್ಷಕ್ಕೆ ಸುಮಾರು 8 ಒಡೆಯಬೇಕು.

1981ರಲ್ಲಿ ಮತ್ತು 1982ರಲ್ಲಿ, ಒಡೆದದ್ದು ನಮಗೆ ಕಂಡಿರಬಹುದು ಅಂತ ತಂಡ ಪ್ರಕಟಿಸಿತು. ಜಗತ್ತಿನ ಕಣ್ಣೆಲ್ಲ ಕೋಲಾರದ ಮೇಲೆ! ಕುರ್ಚಿಯಲ್ಲಿ ಕೂತವರ ಸಿದ್ಧಾಂತಕ್ಕೂ ಗಣಿಗಿಳಿದವರ ಯಂತ್ರಕ್ಕೂ ತಾಳೆಯಾಯಿತು, ಮತ್ತೇನು ಬೇಕು?

ಬೇಕಿತ್ತು. ಮ್ಯೂಆನ್ ಗಲಾಟೆಯನ್ನು ಬಂಡೆ ತಡೆದಿತ್ತು, ಸರಿ. ಆದರೆ ನ್ಯೂಟ್ರಿನೋಗೆ ಬಂಡೆ ಲೆಕ್ಕಕ್ಕಿಲ್ಲವಲ್ಲ. 1965ರಲ್ಲಿ ಹುಡುಕಿ ಹಿಡಿದ ಅದೇ ನ್ಯೂಟ್ರಿನೋ ಈಗ ಯಂತ್ರದ ಕಬ್ಬಿಣಕ್ಕೆ ಬಡಿದು, ಪ್ರೋಟಾನ್ ಒಡೆದ ಹಾಗೆ ಕಾಣುವ ಗುರುತು ಬಿಡಬಲ್ಲದು. ಅಷ್ಟು ತೂಕದ ಯಂತ್ರದೊಳಗೆ ಅಂಥ ಬಡಿತಗಳೂ ವರ್ಷಕ್ಕೆ ಹತ್ತರ ಆಸುಪಾಸಿನಲ್ಲೇ ನಡೆಯುತ್ತವೆ. ಎಲ್ಲವೂ ಪ್ರೋಟಾನಿನ ವೇಷ ಹಾಕುವುದಿಲ್ಲ, ಆದರೆ ಕೆಲವು ಹಾಕಿದರೂ ಸಾಕು. ಎರಡರಲ್ಲಿ ಯಾವುದು ಅಂತ ಹೇಳೋಕೆ ಕೈಬೆರಳೆಣಿಕೆಯ ಘಟನೆಗಳು ಸಾಲದು.

ಸಾಲದು ಅಂತ ತೋರಿಸಿದ್ದೂ ಕುರ್ಚಿಯಲ್ಲಿ ಕೂತವರಲ್ಲ. ಅಮೆರಿಕದ ಈರಿ ಸರೋವರದ ಕೆಳಗಿನ ಉಪ್ಪಿನ ಗಣಿಯಲ್ಲಿ 8,000 ಟನ್ ನೀರು ತುಂಬಿಸಿ 1982ರಿಂದ ಕಾದರು. ಜಪಾನಿನ ಕಾಮಿಯೋಕಾ ಗಣಿಯಲ್ಲಿ 3,000 ಟನ್ ನೀರು ಇಟ್ಟು 1983ರಿಂದ ಕಾದರು. ಪ್ರೋಟಾನ್ ಒಡೆಯಲಿಲ್ಲ. ಆ ಸುಂದರ ಸಿದ್ಧಾಂತ ಅದರ ಸರಳ ರೂಪದಲ್ಲಿ ಅಲ್ಲಿಗೆ ಮುಗಿಯಿತು. ಕೋಲಾರದ ಘಟನೆಗಳೂ ಹಿನ್ನೆಲೆಯ ಗದ್ದಲವಾಗಿಯೇ ಉಳಿದವು. 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ 1996ರಿಂದ ಕಾಯುತ್ತಾ ಬಂದು, ಪ್ರೋಟಾನಿನ ಆಯಸ್ಸು 34 ಸೊನ್ನೆಯನ್ನೂ ದಾಟಿರಬೇಕು ಅನ್ನುವ ತನಕ ಬಂದಿದೆ.

ಇದನ್ನು ನಮ್ಮವರ ಸೋಲು ಅನ್ನಬಹುದು. ನನಗೆ ಹಾಗನ್ನಿಸಲ್ಲ. ಕಂಡದ್ದನ್ನು ಚಿತ್ರದ ಸಮೇತ ಅಚ್ಚು ಹಾಕಿದರು, ಯಾವ ಕೊಳವೆ ಮಿನುಗಿತು ಅಂತ ತೋರಿಸಿದರು, "ಇರಬಹುದು" ಅಂದರು. ಅದಕ್ಕೇ ಬೇರೆಯವರು ತಪ್ಪು ಹುಡುಕಲು ಸಾಧ್ಯವಾಯಿತು. "ಕಿಟಕಿ ಪರದೆ ಸರಿಸಿದಂಗೆ" ಅನ್ನೋದನ್ನ ಯಾರಾದರೂ ಹೇಗೆ ತಪ್ಪು ಅಂತ ತೋರಿಸೋದು? ಕೈಯಾರೆ ಮಾಡಿ ನೋಡಿದೆ ಅನ್ನೋದು ನನ್ನ ಗೆಳೆಯನ ವಾದ. ಅವನು ಕೇಳಿದ್ದು ನಿಜ. ಆದರೆ ಕೈಯಲ್ಲಿ ಯಾವ ವೈರು ಇದೆ ಅಂತ ಗೊತ್ತಿಟ್ಟುಕೊಂಡು ಕೇಳಿದ್ದು, ಕುರ್ಚಿಯಲ್ಲಿ ಕೂತು ಹಾಕಿದ ನನ್ನ ಲೆಕ್ಕಕ್ಕಿಂತ ಎಷ್ಟು ಮೇಲು?

ಕಥೆಗೆ ಇನ್ನೊಂದು ಬಾಲ ಇದೆ. ಪ್ರೋಟಾನ್ ಹುಡುಕುವವರಿಗೆಲ್ಲ ಕಾಟ ಕೊಟ್ಟ ಆ ಗಾಳಿಮಂಡಲದ ನ್ಯೂಟ್ರಿನೋಗಳನ್ನೇ ಎಣಿಸುತ್ತಾ ಕೂತ ಸೂಪರ್ ಕಾಮಿಯೋಕಾಂಡೆಯವರಿಗೆ, ಭೂಮಿಯ ಆಚೆ ಬದಿಯಿಂದ ಬರುವವು ಲೆಕ್ಕಕ್ಕಿಂತ ಕಡಿಮೆ ಇವೆ ಅಂತ ಕಂಡಿತು. ದಾರಿಯಲ್ಲಿ ಅವು ರೂಪ ಬದಲಿಸುತ್ತವೆ, ಅಂದರೆ ಅವಕ್ಕೆ ತೂಕ ಇದೆ. 1998ರಲ್ಲಿ ಪ್ರಕಟವಾದ ಇದಕ್ಕೆ 2015ರಲ್ಲಿ ತಕಾಕಿ ಕಜಿತಾ ಅವರಿಗೆ ನೊಬೆಲ್ ಬಂತು. ಕೋಲಾರದ ಪ್ರಯೋಗ ಮಾತ್ರ 1990ರ ದಶಕದ ಶುರುವಿನಲ್ಲೇ ನಿಂತಿತ್ತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಈಗ ಅಲ್ಲಿ ಹೋದರೆ ಕಾಣೋದು ಸೈನೈಡ್ ದಿಬ್ಬಗಳು.

ಇಷ್ಟೆಲ್ಲ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿ, "ನಾನೂ ಅದನ್ನೇ ಅಂದಿದ್ದು, 20 ಸಲ ಸಾಲದು ಅಂತ" ಅಂದ. ಸತ್ಯವಾಗಿ ಹೇಳಬೇಕು ಅಂದರೆ ಆ ಮಾತು ಸರಿ. 11 ಬಂದದ್ದರಿಂದ ಅವನಿಗೆ ಕೇಳಿಸಲ್ಲ ಅಂತ ಸಾಬೀತಾಗಲ್ಲ, ಬಹಳ ಚೆನ್ನಾಗಿ ಕೇಳಿಸಲ್ಲ ಅಂತಷ್ಟೇ ಆಗುತ್ತೆ. ಮಾವಿನ ಸೀಸನ್ ಮುಗಿದ ಮೇಲೆ 200 ಸಲ ಮಾಡೋಣ ಅಂತ ಆಗಿದೆ. ಬೆಡ್‌ಶೀಟಿನ ಹಿಂದೆ ಕೂರೋಕೆ ತಮ್ಮ ಮುಳಬಾಗಿಲಿಗೆ ಕರಕೊಂಡು ಹೋಗಿ ದೋಸೆ ಕೊಡಿಸಬೇಕು ಅಂತಿದಾನೆ, ಅದೂ ಮುಂಗಡವಾಗಿ.