ಬೆನ್ನುಮೂಳೆಯ ಬ್ರುಸೆಲ್ಲೋಸಿಸ್: ಔಷಧಿಗೆ ಮಣಿದದ್ದೆಲ್ಲ ಕ್ಷಯವೇ?

ಕಂದು ರೋಗವೆಂದು ದನಗಾಹಿಗಳು ಕರೆಯುವ ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಅಂಟುತ್ತದೆ ಎಂಬುದು ಹಳೆಯ ತಿಳಿವಳಿಕೆ. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾದಲ್ಲಿ ರೋಗಾಣುವನ್ನು ಕಂಡರು. 1905ರಲ್ಲಿ ಥೆಮಿಸ್ಟೊಕ್ಲಿಸ್ ಜಾಮಿಟ್ ಅದರ ನೆಲೆ ಆಡುಗಳೆಂದು ತೋರಿಸಿದರು. ಕಾಯಿಸದ ಹಾಲು, ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ಎತ್ತುವುದು, ಇವು ಮುಖ್ಯ ದಾರಿಗಳು. ದೇಹ ಹೊಕ್ಕ ರೋಗಾಣು ಬೆನ್ನುಮೂಳೆಯಲ್ಲಿ ನೆಲೆಯೂರಬಲ್ಲದು ಎಂಬುದರಲ್ಲೂ ತಕರಾರಿಲ್ಲ.

ತಕರಾರಿರುವುದು ರೋಗನಿರ್ಣಯದಲ್ಲಿ. ಬೆನ್ನುಮೂಳೆಯ ಸೋಂಕಿನಲ್ಲಿ ರೋಗಾಣು ಸಿಗದಿದ್ದಾಗ ಕ್ಷಯದ ಮಾತ್ರೆ ಕೊಟ್ಟು ನೋಡುವುದು, ನೋವು ಇಳಿದರೆ ಕ್ಷಯವೇ ಇತ್ತೆಂದು ಬರೆಯುವುದು ನಮ್ಮಲ್ಲಿ ಬೇರೂರಿದ ಪದ್ಧತಿ. ಈ ತರ್ಕ ನಿಲ್ಲುವುದಿಲ್ಲ. ಕ್ಷಯದ ಚಿಕಿತ್ಸೆಯ ಬೆನ್ನೆಲುಬಾದ ರಿಫಾಂಪಿಸಿನ್ ಬ್ರುಸೆಲ್ಲೋಸಿಸ್‌ಗೂ ಮದ್ದು; ಸ್ಟ್ರೆಪ್ಟೊಮೈಸಿನ್ ಕೂಡ ಹಾಗೆಯೇ. ಎರಡೂ ರೋಗಗಳನ್ನು ತಗ್ಗಿಸುವ ಔಷಧಿ ಅವುಗಳಲ್ಲೊಂದಕ್ಕೆ ಮಾತ್ರ ಸಾಕ್ಷಿಯಾಗದು. ಜತೆಗಿರುವ ಐಸೋನಿಯಾಜಿಡ್, ಪೈರಾಜಿನಮೈಡ್‌ಗಳಿಗೆ ಬ್ರುಸೆಲ್ಲೋಸಿಸ್ ಚಿಕಿತ್ಸೆಯಲ್ಲಿ ಸ್ಥಾನವಿಲ್ಲ. ಡಾಕ್ಸಿಸೈಕ್ಲಿನ್ ಇಲ್ಲದೆ ರಿಫಾಂಪಿಸಿನ್ ಒಂಟಿಯಾಗಿ ಹೋರಾಡಿದರೆ ರೋಗ ಮರುಕಳಿಸುವ ಅಪಾಯವಿದೆ.

ಎಕ್ಸ್‌ರೇ ಎರಡನ್ನೂ ಬೇರ್ಪಡಿಸುವುದಿಲ್ಲವೇ ಎಂದು ಕೇಳಬಹುದು. ಬ್ರುಸೆಲ್ಲೋಸಿಸ್ ಸೊಂಟದ ಭಾಗವನ್ನು ಹೆಚ್ಚಾಗಿ ಹಿಡಿಯುತ್ತದೆ. ಕಶೇರುವಿನ ಮುಂದಿನ ಮೇಲ್ಮೂಲೆ ಇಲಿ ಕಡಿದಂತೆ ಸವೆದು, ಉಳಿದ ಆಕಾರ ಬಹುಮಟ್ಟಿಗೆ ಹಾಗೇ ಇರುತ್ತದೆ. ಸ್ಪೇನಿನ ಪೆದ್ರೊ ಪೊನ್ಸ್ ಹೆಸರು ಅಂಟಿರುವುದು ಈ ಗುರುತಿಗೆ. ಕ್ಷಯ ಎದೆಭಾಗದ ಕಶೇರುಗಳನ್ನು ಕುಸಿಸಿ ಗೂನು ತರುವುದು ಹೆಚ್ಚು. ಆದರೆ ಇವೆಲ್ಲ ಒಲವುಗಳೇ ಹೊರತು ನಿಯಮಗಳಲ್ಲ: ಕ್ಷಯ ಸೊಂಟಕ್ಕೂ ಇಳಿಯುತ್ತದೆ, ಆರಂಭದಲ್ಲಿ ಎರಡೂ ಒಂದೇ ತೆರನಾಗಿ ಕಾಣಬಲ್ಲವು.

ಕ್ಷಯ ಇಷ್ಟು ವ್ಯಾಪಕವಾಗಿರುವ ದೇಶದಲ್ಲಿ ಮೊದಲು ಅದನ್ನೇ ಶಂಕಿಸುವುದು ಸರಿಯಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸರಿಯೇ, ಆದರೆ ಕುರಿಗಾಹಿ, ಪಶುವೈದ್ಯ, ಕಸಾಯಿಖಾನೆಯ ಕೆಲಸಗಾರರ ಮಟ್ಟಿಗೆ ಆ ಲೆಕ್ಕ ಬದಲಾಗುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಬ್ರುಸೆಲ್ಲಾ ಲಸಿಕೆ 4ರಿಂದ 8 ತಿಂಗಳ ಹಸು, ಎಮ್ಮೆಗಳ ಹೆಣ್ಣುಕರುಗಳಿಗೆ. ಕುರಿ, ಆಡು ಅದರಲ್ಲಿ ಸೇರಿರಲಿಲ್ಲ. ಹಾಗೆಂದು ಇಂಥವರ ರಕ್ತದಲ್ಲಿ ಪ್ರತಿಕಾಯ ಕಂಡೊಡನೆ ತೀರ್ಪು ಕೊಡುವಂತಿಲ್ಲ, ಹಳೆಯ ಸಂಪರ್ಕವೂ ಪ್ರತಿಕಾಯ ಉಳಿಸಿಹೋಗಬಹುದು.

ಕ್ಷಯದಿಂದ ಗುಣವಾದವರೆಂದು ದಾಖಲಾದವರಲ್ಲಿ ಕೆಲವರಿಗಾದರೂ ಇದ್ದದ್ದು ಕಂದು ರೋಗವಿರಬಹುದು ಎಂಬಷ್ಟೇ ಇಲ್ಲಿನ ವಾದ. ಎಷ್ಟು ಮಂದಿಗೆ ಎಂಬ ಪ್ರಶ್ನೆಯನ್ನು ತರ್ಕ ಬಗೆಹರಿಸದು, ಪ್ರಯೋಗಾಲಯವೇ ಬಗೆಹರಿಸಬೇಕು. ಮಾತ್ರೆ ಶುರುವಾದ ಮೇಲೆ ರಕ್ತದಿಂದ ರೋಗಾಣು ಬೆಳೆಸುವುದು ಕಷ್ಟ. ಆದ್ದರಿಂದ ಕಸುಬು ಕೇಳಬೇಕಾದದ್ದೂ ರಕ್ತ ತೆಗೆಯಬೇಕಾದದ್ದೂ ಮೊದಲ ಮಾತ್ರೆಗೆ ಮುಂಚೆ.