ಬ್ರೆಡ್ಡಿನ ಮೇಲೊತ್ತುವ ಮರದ ಅಚ್ಚು
ಮಟೇರಾ, ಬಸಿಲಿಕಾಟಾ ಪ್ರಾಂತ್ಯ, ದಕ್ಷಿಣ ಇಟಲಿ
19ನೇ ಶತಮಾನದ ಕೊನೆ – 20ನೇ ಶತಮಾನದ ಆರಂಭ

ಸುಣ್ಣಕಲ್ಲಿನ ಬೆಟ್ಟವನ್ನು ಕೊರೆದು ಮಾಡಿದ 'ಸಾಸ್ಸಿ' ಮನೆಗಳಲ್ಲಿ ಹೆಂಗಸರು ಡ್ಯೂರಮ್ ಗೋಧಿಯ ರವೆಯನ್ನು ಹುಳಿಹಿಟ್ಟು ಸೇರಿಸಿ ನಾದುತ್ತಿದ್ದರು. ಬೇಯಿಸಲು ಮಾತ್ರ ಕೇರಿಯ ಸಾಮೂಹಿಕ ಒಲೆಗೇ ಕಳಿಸಬೇಕು. ಹತ್ತಾರು ಮನೆಗಳ ಬ್ರೆಡ್ಡು ಒಟ್ಟಿಗೆ ಬೇಯುವಾಗ ಯಾವುದು ಯಾರದು? ಜಗಳಕ್ಕೆ ಎಡೆಯಿಲ್ಲದಂತೆ, ಒಲೆಗೆ ಹೋಗುವ ಮೊದಲು ಹಸಿ ಹಿಟ್ಟಿನ ಮೇಲೆ ಮನೆತನದ ಅಚ್ಚು ಒತ್ತುತ್ತಿದ್ದರು. ಒಂದೊಂದು ಬ್ರೆಡ್ಡೂ ದೊಡ್ಡದು, ವಾರಗಟ್ಟಲೆ ಬರುವಂಥದ್ದು. ತಪ್ಪಿ ಬೇರೆಯವರ ಮನೆ ಸೇರಿದರೆ ನಷ್ಟ ಸಣ್ಣದಲ್ಲ.

ಈ ಅಚ್ಚುಗಳನ್ನು ಕೆತ್ತುತ್ತಿದ್ದವರು ಹೆಚ್ಚಾಗಿ ಕುರಿಗಾಹಿಗಳು. ಮಂದೆ ಮೇಯುವ ಹೊತ್ತಿನಲ್ಲಿ ಚಾಕುವೊಂದರಿಂದಲೇ ಮಾಡಿದ ಕೆಲಸ. ಮದುವೆ ನಿಶ್ಚಯವಾದ ಹುಡುಗಿಗೆ ಉಡುಗೊರೆಯಾಗಿ ಕೊಡುವುದೂ ಇತ್ತು.

ಅಚ್ಚಿನ ತಳವನ್ನು ಗಮನಿಸಿ: ಮನೆಯ ಯಜಮಾನನ ಹೆಸರಿನ ಮೊದಲಕ್ಷರಗಳನ್ನು ಆಳವಾಗಿ ಕೊರೆದಿದ್ದಾರೆ. ಹಿಟ್ಟು ಉಬ್ಬಿದರೂ ಗುರುತು ಅಳಿಸದಿರಲೆಂದು ಹೀಗೆ. ಮೇಲಿನ ಹಿಡಿ ಹುಂಜದ ಆಕಾರದಲ್ಲಿದೆ. ಅಕ್ಷರ ಕೆಲಸಕ್ಕೆ, ಹುಂಜ ಕುಶಾಲಿಗೆ ಎನ್ನಬಹುದು.

1952ರ ಕಾನೂನಿನಂತೆ ಸಾಸ್ಸಿ ನಿವಾಸಿಗಳನ್ನು ಹೊಸ ಬಡಾವಣೆಗಳಿಗೆ ಸ್ಥಳಾಂತರಿಸಲಾಯಿತು. ಅಚ್ಚುಗಳ ದಿನಬಳಕೆ ಕ್ರಮೇಣ ನಿಂತಿತು. ಮಟೇರಾ ಬ್ರೆಡ್ಡಿಗೆ 2008ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.